ಇಟ್ಟ ಹೆಸರು, ಕರೆದ ಹೆಸರು

ಮಗುವಿಗೆ ಎರಡು ಹೆಸರಿರುವುದು ನಮ್ಮಲ್ಲಿ ಹೊಸತಲ್ಲ. ತೊಟ್ಟಿಲಿಗೆ ಹಾಕುವ ದಿನ ಕಿವಿಯಲ್ಲಿ ಹೇಳುವ ಹೆಸರು ಒಂದು. ಮರುದಿನದಿಂದ ಮನೆಯವರ ಬಾಯಲ್ಲಿ ಓಡಾಡುವ ಹೆಸರು ಮತ್ತೊಂದು. ಈಚೆಗೆ ತಂದೆತಾಯಿಗಳು ಊರಿನಲ್ಲಿ ಯಾರಿಗೂ ಇಲ್ಲದ ಹೆಸರನ್ನು ಹುಡುಕಿ ಇಡುತ್ತಾರೆ. ಹುಡುಕುವಾಗಲೇ ಅದನ್ನು ಮೊಟಕು ಮಾಡಿದರೆ ಸಿದ್ದು, ಚಿನ್ನು, ಪದ್ದು, ರಾಘು ಎಂದು ಎಲ್ಲರಂತೆ ಕರೆಯಲು ಬರುವುದೇ ಎಂಬುದನ್ನೂ ನೋಡಿಕೊಳ್ಳುತ್ತಾರೆ. ಪಟ್ಟಿಯಲ್ಲಿ ಅಪರೂಪವಾಗಿರಬೇಕು, ಅಂಗಳದಲ್ಲಿ ಬಳಕೆಯದಾಗಿರಬೇಕು ಎಂಬುದು ಅವರ ಬಯಕೆ. ಇದನ್ನು ಕಾಲದ ಷೋಕಿ ಎಂದು ನಗುವ ಹಿರಿಯರುಂಟು. ನಮಗೆ ನಗಬೇಕೆನ್ನಿಸುವುದಿಲ್ಲ. ಹಿಂದಕ್ಕೆ ತಿರುಗಿ ನೋಡಿದರೆ ಈ ಬಯಕೆಗೆ ಬಹಳ ಉದ್ದನೆಯ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಗಡಿನಾಡಿನವರಾದ ನಮಗೆ ಬೇಕಾದ ಸಂಗತಿಯೂ ಇದೆ. ಇಟ್ಟ ಹೆಸರಿಗಿಂತ ಕರೆದ ಹೆಸರೇ ಹೆಚ್ಚು ಕಾಲ ಬಾಳಿದೆ, ಹೆಚ್ಚು ದೂರ ನಡೆದಿದೆ, ಭಾಷೆಯ ಗುರುತನ್ನು ಹೆಚ್ಚು ಉಳಿಸಿಕೊಂಡಿದೆ ಎಂಬುದೇ ಆ ಸಂಗತಿ.

ಮೊದಲು ಶಾಸ್ತ್ರದ ಮಾತು. ಆಶ್ವಲಾಯನ ಗೃಹ್ಯಸೂತ್ರವು ಗಂಡುಮಗುವಿನ ಹೆಸರಿಗೆ ಸಮಸಂಖ್ಯೆಯ ಅಕ್ಷರಗಳೂ ಹೆಣ್ಣುಮಗುವಿನ ಹೆಸರಿಗೆ ಬೆಸಸಂಖ್ಯೆಯ ಅಕ್ಷರಗಳೂ ಇರಬೇಕೆಂದು ವಿಧಿಸಿದೆ. ಅದರೊಡನೆ ಅಭಿವಾದನಕ್ಕೆ ಬೇಕಾದ ಇನ್ನೊಂದು ಹೆಸರನ್ನು ಗೊತ್ತುಮಾಡಿ, ಉಪನಯನದವರೆಗೂ ತಂದೆತಾಯಿಗಳಿಬ್ಬರೇ ಅದನ್ನು ತಿಳಿದಿರಬೇಕೆಂದೂ ಹೇಳಿದೆ. ಪಾಣಿನಿಯಂತೂ ಹೆಸರನ್ನು ಮುರಿಯುವುದಕ್ಕೇ ಸೂತ್ರ ಕಟ್ಟಿದ್ದಾನೆ. ಅಷ್ಟಾಧ್ಯಾಯಿಯ 5ನೆಯ ಅಧ್ಯಾಯದ 3ನೆಯ ಪಾದದಲ್ಲಿ, ಅಕ್ಕರೆ ಅನುಕಂಪೆಗಳನ್ನು ತೋರಿಸಬೇಕಾದಾಗ ಹಲವು ಸ್ವರಗಳುಳ್ಳ ಮನುಷ್ಯನಾಮಕ್ಕೆ ಪ್ರತ್ಯಯ ಹತ್ತಿಸಿ ಎರಡನೆಯ ಸ್ವರದಿಂದಾಚೆಗಿನ ಭಾಗವನ್ನು ಬಿಟ್ಟುಬಿಡಬಹುದು ಎಂಬ ವಿಧಿಯಿದೆ. ದೇವದತ್ತನು ದೇವಿಕ, ದೇವಿಯ, ದೇವಿಲ ಆಗುವುದು ಹೀಗೆ. ಅಷ್ಟು ಬಿಗಿಯಾದ ವ್ಯಾಕರಣವೂ ಅಕ್ಕರೆಗೊಂದು ಬಾಗಿಲು ತೆರೆದಿಟ್ಟಿರುವುದು ನಮ್ಮಂತಹ ಉಪಾಧ್ಯಾಯರಿಗೆ ಸಂತೋಷದ ವಿಷಯ. ನಮ್ಮ ವ್ಯಾಕರಣಕಾರ ಕೇಶಿರಾಜನ ಹೆಸರಿನಲ್ಲಿಯೇ ಕೇಶವನು ಕೇಶಿಯಾಗಿರುವಂತೆ ತೋರುತ್ತದೆ. ಶಬ್ದಮಣಿದರ್ಪಣದಲ್ಲಿ ತದ್ಭವಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟವನು ತಾನೂ ಮೊಟಕು ಹೆಸರಿನವನೇ.

ಕನ್ನಡದ ರೀತಿ ಸಂಸ್ಕೃತಕ್ಕಿಂತ ಸ್ವಲ್ಪ ಬೇರೆ. ನಾವು ಹೆಸರಿನ ಮೊದಲ ಭಾಗವನ್ನು ಹಿಡಿದು ಉಳಿದುದನ್ನು ಬಿಡುತ್ತೇವೆ. ಅನೇಕ ವೇಳೆ ಒತ್ತಕ್ಷರ ಹಾಕಿ ಬಿಗಿ ಮಾಡುತ್ತೇವೆ. ಆಮೇಲೆ ಬಾಲ ಸೇರಿಸುತ್ತೇವೆ. ಸುಬ್ರಹ್ಮಣ್ಯ ಸುಬ್ಬ, ಸುಬ್ಬಣ್ಣ, ಸುಬ್ರಾಯ. ವೆಂಕಟರಮಣ ವೆಂಕ, ವೆಂಕಪ್ಪ, ವೆಂಕಣ್ಣ. ಲಕ್ಷ್ಮಿ ಲಚ್ಚಿ, ಲಕ್ಕವ್ವ, ಲಚ್ಚಮ್ಮ. ಬಾಲದಲ್ಲಿಯೇ ಇರುವುದು ಸಮಾಜಶಾಸ್ತ್ರ. ಉತ್ತರದ ಕಡೆ ಬಸ್ಯಾ ಎಂದರೆ ಸಲಿಗೆಯವನು, ಇಲ್ಲವೇ ಆಳು. ಬಸು ಎಂದರೆ ಮನೆಯ ಮಗ. ಬಸಣ್ಣ ಎಂದರೆ ನೆರೆಯವನು. ಬಸಪ್ಪ ಎಂದರೆ ವಯಸ್ಸಾದವನು. ಹೆಸರು ಒಂದೇ. ಯಾರು ಯಾರನ್ನು ಯಾವ ಬಾಲದಿಂದ ಕರೆದರು ಎಂಬುದನ್ನು ತಿಳಿದರೆ ಆ ಊರಿನ ಮೇಲು ಕೀಳುಗಳು ಅರ್ಧ ತಿಳಿದಂತೆ.

ಇನ್ನು ಶಾಸನಗಳು. ರಾಷ್ಟ್ರಕೂಟ ಅರಸರಿಗೆ ಧಾರಾವರ್ಷ, ಸುವರ್ಣವರ್ಷ, ಅಕಾಲವರ್ಷ ಎಂದು ಗಂಭೀರವಾದ ಬಿರುದುಗಳಿದ್ದವು. ಅದರ ಕೆಳಗೆ ಧ್ರುವ, ಗೋವಿಂದ, ಕೃಷ್ಣ ಎಂಬ ಇಟ್ಟ ಹೆಸರುಗಳು. ಅದಕ್ಕೂ ಕೆಳಗೆ ಜನರ ಬಾಯಲ್ಲಿ ಅವರು ಧೋರ, ಗೊಜ್ಜಿಗ, ಕನ್ನರ. ಪಂಪನು ತನ್ನ ಕಾವ್ಯದಲ್ಲಿ ನಾಲ್ಕನೆಯ ಗೋವಿಂದನನ್ನು ಗೊಜ್ಜಿಗನೆಂದೇ ಹೆಸರಿಸಿದ್ದಾನೆ. ಮೂರನೆಯ ಕೃಷ್ಣನ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಅವನು 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳರನ್ನು ಗೆದ್ದ ಮೇಲೆ ತಮಿಳುನಾಡಿನ ಉತ್ತರ ಭಾಗದ ಶಾಸನಗಳಲ್ಲಿ ಕಂಚಿ ತಂಜಾವೂರುಗಳನ್ನು ಕೊಂಡ ಕನ್ನರದೇವನೆಂದು ಕೆತ್ತಿಸಲ್ಪಟ್ಟಿದ್ದಾನೆ. ತಮಿಳು ಶಾಸನದ ಕಲ್ಲುಕುಟಿಗನ ಉಳಿಯ ತುದಿಗೆ ಮೊದಲು ಬಂದದ್ದು ಕರೆದ ಹೆಸರೇ. ಭಾಷೆಯ ಗಡಿಯನ್ನು ದಾಟುವಾಗ ಇಟ್ಟ ಹೆಸರು ಹಿಂದೆ ಉಳಿದು ಕರೆದ ಹೆಸರು ಮುಂದೆ ಹೋಗುವುದಕ್ಕೆ ಇದಕ್ಕಿಂತ ಹಳೆಯ ಸ್ಪಷ್ಟ ಉದಾಹರಣೆ ನಮ್ಮ ಗಮನಕ್ಕೆ ಬಂದಿಲ್ಲ.

ಕರೆದ ಹೆಸರನ್ನು ಗಮನಿಸದಿದ್ದರೆ ಚರಿತ್ರೆಯೇ ತಪ್ಪುವುದುಂಟು. ಹೊಯ್ಸಳ ಬಿಟ್ಟಿದೇವನು ಮತ ಬದಲಿಸಿದ ಮೇಲೆ ವಿಷ್ಣುವರ್ಧನನಾದನೆಂಬ ಕಥೆಯನ್ನು ನಾವೆಲ್ಲ ತರಗತಿಯಲ್ಲಿ ಹೇಳಿದ್ದೇವೆ. ಆದರೆ ಬಿಟ್ಟಿ ಎಂಬುದೇ ವಿಷ್ಣು ಶಬ್ದದ ತದ್ಭವ. ಇಟ್ಟ ಹೆಸರು ವಿಷ್ಣು, ಕರೆದ ಹೆಸರು ಬಿಟ್ಟಿ. ಅರಸನ ಮತದ ವಿಚಾರಕ್ಕೆ ಬೇರೆ ಆಧಾರಗಳಿರಬಹುದು; ಹೆಸರಂತೂ ಅದಕ್ಕೆ ಸಾಕ್ಷಿಯಾಗಲಾರದು. ಕಳಚುರಿ ಅರಸ ಸೋವಿದೇವನೂ ಸೋಮೇಶ್ವರನೇ. ವಿಜಯನಗರದ ಮೊದಲ ಹರಿಹರನು 1340ರ ಬಾದಾಮಿಯ ಶಾಸನದಲ್ಲಿ ಹರಿಯಪ್ಪ ಒಡೆಯನಾಗಿದ್ದಾನೆ. ತಮ್ಮ ಬುಕ್ಕನು ಶಾಸನಗಳಲ್ಲಿ ಬುಕ್ಕಣ್ಣ ಒಡೆಯ. ಸಾಮ್ರಾಜ್ಯ ಕಟ್ಟಿದವರನ್ನೂ ಜನ ಅಪ್ಪ ಅಣ್ಣ ಹಚ್ಚಿಯೇ ಕರೆದರು. ಕವಿಗಳಲ್ಲಿ ರನ್ನನ ಹೆಸರು ರತ್ನದ ತದ್ಭವ. ಕುಮಾರವ್ಯಾಸನೆಂಬ ದೊಡ್ಡ ಹೆಸರಿನ ಹಿಂದೆ ಇರುವವನು ಗದುಗಿನ ನಾರಣಪ್ಪ.

ಇಲ್ಲಿ ಗಡಿನಾಡಿನ ಇಬ್ಬರು ವಿದ್ವಾಂಸರ ಒಂದು ಚರ್ಚೆಯನ್ನು ನೆನೆಯಬೇಕು. ಶ್ರವಣಬೆಳಗೊಳದ ಬಾಹುಬಲಿಗೆ ಗೊಮ್ಮಟನೆಂಬ ಹೆಸರು ಹೇಗೆ ಬಂದಿತು? ಬಾಹುಬಲಿಯು ಕಾಮದೇವನೆಂದು ಜೈನರು ಹೇಳುವುದರಿಂದ ಮನ್ಮಥ ಶಬ್ದವೇ ಪ್ರಾಕೃತದ ದಾರಿಯಲ್ಲಿ ಗೊಮ್ಮಟವಾಯಿತೆಂದು ಮಂಜೇಶ್ವರದ ಗೋವಿಂದ ಪೈಗಳು ವಾದಿಸಿದರು. ಸದಲಗದಲ್ಲಿ ಹುಟ್ಟಿ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಆ. ನೇ. ಉಪಾಧ್ಯೆಯವರು ಇದನ್ನು ಒಪ್ಪಲಿಲ್ಲ. ಗೊಮ್ಮಟ ಎಂಬುದು ವಿಗ್ರಹವನ್ನು ಮಾಡಿಸಿದ ಚಾವುಂಡರಾಯನದೇ ಮನೆಯ ಹೆಸರು. ಗೊಮ್ಮಟನ ದೇವರಾದ್ದರಿಂದ ಗೊಮ್ಮಟೇಶ್ವರ. ನೇಮಿಚಂದ್ರನು ಅವನಿಗಾಗಿ ಬರೆದ ಗ್ರಂಥವೂ ಆದ್ದರಿಂದಲೇ ಗೊಮ್ಮಟಸಾರ ಎಂಬುದು ಅವರ ಪಕ್ಷ. ಇಬ್ಬರೂ ಹಿರಿಯರು, ಇಬ್ಬರೂ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಅಲಂಕರಿಸಿದವರು; ಪೈಗಳು 1951ರಲ್ಲಿ ಮುಂಬಯಿಯಲ್ಲಿ, ಉಪಾಧ್ಯೆಯವರು 1967ರಲ್ಲಿ ಅದೇ ಶ್ರವಣಬೆಳಗೊಳದಲ್ಲಿ. ನಮ್ಮ ಒಲವು ಉಪಾಧ್ಯೆಯವರ ಕಡೆಗೆ. ಗ್ರಂಥದ ಹೆಸರಿಗೂ ದೇವರ ಹೆಸರಿಗೂ ಒಂದೇ ಕಾರಣವನ್ನು ಅವರ ವಾದ ಕೊಡುತ್ತದೆ. ಅದು ನಿಜವಾದರೆ ಮನೆಯಲ್ಲಿ ಕರೆದ ಒಂದು ಹೆಸರು 1432ರ ಕಾರ್ಕಳಕ್ಕೂ 1604ರ ವೇಣೂರಿಗೂ ನಡೆದು, ಇಂದಿಗೂ ಜನರ ನಾಲಗೆಯಲ್ಲಿದೆ. ಆ ಮೂರ್ತಿಯ ಅಡಿಯಲ್ಲಿ ಮಾಡಿಸಿದವನ ಹೆಸರು ಕನ್ನಡ, ತಮಿಳು, ಮರಾಠಿ ಮೂರರಲ್ಲಿಯೂ ಇದೆ. ಕನ್ನಡ ಮರಾಠಿಗಳಲ್ಲಿ ಅವನು ಚಾವುಂಡರಾಜ, ತಮಿಳಿನಲ್ಲಿ ಚಾಮುಂಡರಾಜ. ಒಂದೇ ಬಂಡೆಯ ಮೇಲೆ ಒಬ್ಬನೇ ಮನುಷ್ಯ ಭಾಷೆಗೊಂದು ರೂಪವಾಗಿರುವುದನ್ನು ನಮ್ಮ ಗಡಿಶಾಲೆಯ ಮಕ್ಕಳಿಗೆ ತೋರಿಸಿದರೆ ಚೆನ್ನಾಗಿ ಅರ್ಥವಾಗುತ್ತದೆ. ಅವರ ಗುರುತಿನ ಚೀಟಿಗಳ ಸ್ಥಿತಿಯೂ ಅದೇ.

ಉದ್ದ ಹೆಸರೇ ಮೊದಲು, ಮೊಟಕು ಹೆಸರು ಅದರ ತುಂಡು ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಯಾವಾಗಲೂ ಹಾಗಲ್ಲ. ಬಸವ ಎಂಬುದು ವೃಷಭದ ತದ್ಭವ. ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನದಲ್ಲಿ ಬಸವಣ್ಣನವರು ಸಂಗನಬಸವ. ಆಳುತ್ತಿದ್ದ ಸೇವುಣ ದೊರೆ ಕೃಷ್ಣನು ಅಲ್ಲಿಯೂ ಕನ್ನರನೇ. ಆ ಚಿಕ್ಕ ಬಸವನನ್ನು ಜನ ಬಸವಣ್ಣ, ಬಸವರಾಜ, ಬಸವೇಶ್ವರ ಎಂದು ಬೆಳೆಸಿದರು. ಆಮೇಲೆ ಬಸವರಾಜನೆಂದು ಹೆಸರಿಟ್ಟು ಬಸ್ಯಾ ಎಂದು ಕರೆದರು. ಹೆಸರು ಬೆಳೆದು ಮತ್ತೆ ತನ್ನ ಮೊದಲ ಅಳತೆಗೇ ಬಂದು ನಿಂತಿತು. ಕರೆಯಬೇಕಾದ ಚಿಕ್ಕ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಅದಕ್ಕೆ ಒಪ್ಪುವ ದೊಡ್ಡ ಹೆಸರನ್ನು ಹುಡುಕುವ ಇಂದಿನ ತಂದೆತಾಯಿಗಳು ಮಾಡುತ್ತಿರುವುದೂ ಇಂಥದೇ ಕೆಲಸ.

ಎರಡು ಹೆಸರು ಏಕೆ ಬೇಕಾಯಿತು ಎಂಬುದಕ್ಕೆ ಅಕ್ಕರೆಯೊಂದೇ ಕಾರಣವಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ರೂಢಿ; ಸೊಸೆಯು ಮಾವನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬುದೂ ರೂಢಿ. ಹಾಗಾದರೆ ತಾಯಿ ತನ್ನ ಮಗನನ್ನು ಕರೆಯುವುದು ಹೇಗೆ? ಅಪ್ಪಣ್ಣ, ಅಜ್ಜಪ್ಪ, ತಾತಪ್ಪ, ಅಪ್ಪಾಜಿ ಮೊದಲಾದ ಹೆಸರುಗಳಲ್ಲಿ ಎಷ್ಟೋ ಈ ಇಕ್ಕಟ್ಟಿನಿಂದ ಹುಟ್ಟಿದವು. ಗಂಡನ ಹೆಸರಿಗಂತೂ ಇನ್ನೂ ಬಿಗಿ. ಮದುವೆಯಲ್ಲಿ ಒಡಪು ಹಾಕಿ ಒಮ್ಮೆ ಹೇಳಿದರೆ ಆಯಿತು, ಆಮೇಲೆ ಆಯುಷ್ಯವಿಡೀ ಅವನು ಮಗನ ಹೆಸರಿನ ಅಪ್ಪ. ಮಕ್ಕಳು ಉಳಿಯದ ಮನೆಯಲ್ಲಿ ದೃಷ್ಟಿ ತಾಗದಿರಲೆಂದು ಗುಂಡ, ಕಲ್ಲ, ತಿಪ್ಪ ಎಂದು ಇಡುತ್ತಿದ್ದರು. ಮರಾಠಿಯ ಧೋಂಡು, ದಗಡು ಎಂಬ ಕಲ್ಲಿನ ಹೆಸರುಗಳೂ ಅದೇ ಕಾರಣದವು. ಬದುಕಿ ದೊಡ್ಡವನಾದ ಗುಂಡನು ಗುಂಡಪ್ಪನಾದನು. ರಾಯದುರ್ಗದ ಕಡೆ ತಿಪ್ಪೇಸ್ವಾಮಿಗಳು ಹೆಚ್ಚಾಗಿರುವುದಕ್ಕೆ ಮಾತ್ರ ನೆರೆಯ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯೇ ಕಾರಣ.

ಹೀಗೆ ಹೆಸರುಗಳನ್ನು ಹಿಡಿದು ಗಡಿಯುದ್ದಕ್ಕೂ ನಡೆಯಬಹುದು. ನಾವು ಕೆಲಸ ಮಾಡುವ ಸೊಲ್ಲಾಪುರದ ಕಡೆ ಸೊನ್ನಲಿಗೆಯ ಸಿದ್ಧರಾಮನ ಹೆಸರಿಲ್ಲದ ಮನೆ ಅಪರೂಪ. ರಾಘವಾಂಕನ ಸಿದ್ಧರಾಮ ಚಾರಿತ್ರದ ಪ್ರಕಾರ ಹುಟ್ಟಿದಾಗ ಆ ಮಗುವಿಗೆ ಇಟ್ಟದ್ದು ಮನೆದೇವರ ಹೆಸರು, ಧೂಳಿಮಾಕಾಳ. ಅದನ್ನು ಇಂದು ಯಾರೂ ಇಡುವುದಿಲ್ಲ. ಸಿದ್ಧರಾಮನು ಸಿದ್ರಾಮ, ಸಿದ್ದಪ್ಪ, ಸಿದ್ದು, ಸಿದ್ಯಾ ಆಗಿ ಕನ್ನಡದವರಿಗೂ ಮರಾಠಿಯವರಿಗೂ ಸಮಾನವಾಗಿ ಸಲ್ಲುತ್ತಾನೆ. ಜತ್ತಿನ ಕಡೆ ರೇವಣಸಿದ್ಧನು ರೇವಣ್ಣ, ರೇವಪ್ಪ. ಕನ್ನಡಿಗ ಕುರುಬರ ಬೀರಪ್ಪ ಮರಾಠಿ ಧನಗರರ ಬಿರೋಬ. ಅಪ್ಪ ಹೋಗಿ ಓಬ ಬಂದರೂ ತಿರುಳು ಬೀರನೇ. ಹುಲಜಂತಿಯ ಮಾಳಿಂಗರಾಯನು ಮಾಳಪ್ಪನಾಗಿ ಎರಡೂ ಭಾಷೆಗಳ ಕುರಿಹಟ್ಟಿಗಳಲ್ಲಿ ಇದ್ದಾನೆ. ಆದವಾನಿಯ ಸೀಮೆಯಲ್ಲಿ ಮಂತ್ರಾಲಯದ ಪ್ರಭಾವದಿಂದ ರಾಘವೇಂದ್ರರು ರಾಘು, ರಾಘಣ್ಣ, ರಾಗಪ್ಪ. 1671ರಲ್ಲಿ ಅಲ್ಲಿ ಬೃಂದಾವನಸ್ಥರಾದ ಯತಿಗಳ ಪೂರ್ವಾಶ್ರಮದ ಹೆಸರು ವೆಂಕಟನಾಥ, ಕರೆಯುತ್ತಿದ್ದುದು ವೆಂಕಣ್ಣ. ಅವರ ಅನುಗ್ರಹದಿಂದ ಅಕ್ಷರ ಕಲಿತು ಆದವಾನಿಯ ದಿವಾನನಾದನೆಂದು ಐತಿಹ್ಯವು ಹೇಳುವ ಹುಡುಗನೂ ವೆಂಕಣ್ಣನೇ. ಗುರುವಿಗೂ ಕಂಗಾಲಾದ ಹುಡುಗನಿಗೂ ಒಂದೇ ಕರೆವ ಹೆಸರು.

ತಾಳವಾಡಿ ಫಿರ್ಕಾದ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ಮಗುವಿಗೆ ಇಟ್ಟ ಹೆಸರು ಮುತ್ತುರಾಜ. ಮುತ್ತು ಕನ್ನಡಕ್ಕೂ ಹೌದು, ತಮಿಳಿಗೂ ಹೌದು. ಗಡಿಯ ಹಳ್ಳಿಗೆ ತಕ್ಕ ಹೆಸರು. 1954ರ ಬೇಡರ ಕಣ್ಣಪ್ಪ ಚಿತ್ರದಿಂದ ಅವರು ರಾಜಕುಮಾರರಾದುದು ಎಲ್ಲರಿಗೂ ತಿಳಿದಿದೆ. ಅವರ ಕಿರಿಯ ಮಗನಿಗೆ ಮೊದಲು ಲೋಹಿತ, ಆಮೇಲೆ ಪುನೀತ ಎಂದು ಹೆಸರಾಯಿತು. ಜನಕ್ಕೆ ಬೇಕಾದದ್ದು ಅಪ್ಪು. 2002ರಲ್ಲಿ ನಾಯಕನಾದ ಮೊದಲ ಚಿತ್ರಕ್ಕೂ ಅದೇ ಹೆಸರಿಟ್ಟರು. 2021ರಲ್ಲಿ ಅವರು ತೀರಿಕೊಂಡಾಗ ಮನೆಮನೆಯವರು ಅತ್ತದ್ದು ಅಪ್ಪುವಿಗಾಗಿಯೇ. ಈ ಅಪ್ಪು ಕೇರಳದ ಮನೆಗಳಲ್ಲಿಯೂ ಹಳೆಯ ಮುದ್ದಿನ ಹೆಸರು. ಕಾಸರಗೋಡಿನಲ್ಲಿ ಮನೆಯ ಹೆಸರೇ ಪಟ್ಟಿಯ ಹೆಸರಾಗಿ ಗೌರವ ಪಡೆದದ್ದಕ್ಕೆ ಕಯ್ಯಾರ ಕಿಞ್ಞಣ್ಣ ರೈಗಳು ಉದಾಹರಣೆ. ಕಿಞ್ಞಣ್ಣ ಎಂದರೆ ತುಳುವಿನಲ್ಲಿ ಚಿಕ್ಕಣ್ಣ. ನಮ್ಮ ವೃತ್ತಿಯವರೇ ಆದ ಆ ಕವಿಗಳು 1915ರಿಂದ 2015ರವರೆಗೆ ನೂರು ವರ್ಷ ಬಾಳಿ, ಚಿಕ್ಕಣ್ಣನಾಗಿಯೇ ನಾಡಿಗೆ ಹಿರಿಯರಾಗಿದ್ದರು.

ಇಷ್ಟು ಹೊತ್ತೂ ನಾವು ಹೇಳಿದ್ದು ಎರಡು ಹೆಸರುಗಳಿದ್ದವರ ಕಥೆ. ಎರಡನೆಯ ಹೆಸರೇ ಇಲ್ಲದವರೂ ಇದ್ದರು. ತುಳುನಾಡಿನಲ್ಲಿ ಕೆಳಗಿನವರೆಂದು ದೂರವಿಡಲ್ಪಟ್ಟ ಜಾತಿಗಳ ಮಕ್ಕಳಿಗೆ ಹುಟ್ಟಿದ ವಾರದ ಹೆಸರೇ ಹೆಸರು. ಆದಿತ್ಯವಾರದವನು ಐತ, ಸೋಮವಾರದವನು ಚೋಮ, ಮಂಗಳವಾರದವನು ಅಂಗಾರ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ಇವು ಯಾವ ಉದ್ದ ಹೆಸರಿನ ಮೊಟಕೂ ಅಲ್ಲ. ನಾರಾಯಣನೆಂದು ಇಟ್ಟು ನಾರ್ಣ ಎಂದು ಕರೆಯುವ ಭಾಗ್ಯ ಆ ಮನೆಗಳಿಗೆ ಇರಲಿಲ್ಲ. ದೇವರ ಹೆಸರನ್ನೋ ಒಡೆಯನ ಹೆಸರನ್ನೋ ಇಟ್ಟರೆ ಮೇಲಿನವರು ಸಹಿಸುತ್ತಿರಲಿಲ್ಲ. ಶಿವರಾಮ ಕಾರಂತರು ತಮ್ಮ ಕಾದಂಬರಿಯ ನಾಯಕನಿಗೆ ಚೋಮನೆಂಬ ಹೆಸರನ್ನೇ ಕೊಟ್ಟದ್ದು ಅರ್ಥವಿಲ್ಲದೆ ಅಲ್ಲ. ಹೀಗಿದ್ದೂ ತುಳುನಾಡೆಲ್ಲ ಇಂದು ಕೈಮುಗಿದು ನಿಲ್ಲುವ ಕೊರಗಜ್ಜನ ಹೆಸರು ತನಿಯ.

ಈ ಮಕ್ಕಳಿಗೆ ಎರಡನೆಯ ಹೆಸರು ಸಿಕ್ಕಿದ್ದು ಶಾಲೆಯ ಬಾಗಿಲಲ್ಲಿ. ಜನನದ ನೋಂದಣಿ ಸರಿಯಾಗಿ ಇಲ್ಲದ ಕಾಲದಲ್ಲಿ ಮುಖ್ಯೋಪಾಧ್ಯಾಯನು ದಾಖಲಾತಿ ಪುಸ್ತಕದಲ್ಲಿ ಬರೆದದ್ದೇ ಹೆಸರು, ಬರೆದದ್ದೇ ಹುಟ್ಟಿದ ತಾರೀಕು. ಮೇ, ಜೂನ್ ತಿಂಗಳುಗಳಲ್ಲಿ ಹುಟ್ಟಿದವರು ನಮ್ಮ ನಾಡಿನಲ್ಲಿ ಅಷ್ಟೊಂದು ಮಂದಿ ಇರುವುದೂ ಆದ್ದರಿಂದಲೇ. ತುಕ್ರನನ್ನು ಶುಕ್ರಪ್ಪನೆಂದೂ ಬಸ್ಯಾನನ್ನು ಬಸವರಾಜನೆಂದೂ ಬರೆದ ಹಿಂದಿನ ಉಪಾಧ್ಯಾಯರು ಮಗುವಿಗೆ ಗೌರವವಿರಲೆಂದೇ ಬರೆದರು. ಅದು ದೊಡ್ಡ ಉಪಕಾರ. ಜೊತೆಗೆ ಒಂದು ನಷ್ಟವೂ ಆಯಿತು. ಕರೆದ ಹೆಸರಿಗೆ ಪುಸ್ತಕದಲ್ಲಿ ಕಾಲಮೇ ಇರಲಿಲ್ಲ.

ಗಡಿಯಲ್ಲಿ ಇದಕ್ಕೆ ಲಿಪಿಯ ತೊಡಕೂ ಸೇರಿತು. 1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೂ 1956ರಲ್ಲಿ ಕಾಸರಗೋಡು ಕೇರಳಕ್ಕೂ ಸೇರಿದ ಮೇಲೆ ಅಲ್ಲಿಯ ಕನ್ನಡ ಹೆಸರುಗಳು ಬೇರೆ ಲಿಪಿಯ ಪುಸ್ತಕಗಳಿಗೆ ಹೋದವು; ಸೊಲ್ಲಾಪುರ, ಹೊಸೂರು, ತಾಳವಾಡಿಗಳಲ್ಲಿ ಅದು ಮೊದಲಿನಿಂದಲೂ ಇದ್ದದ್ದೇ. ತಮಿಳು ಲಿಪಿಯಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಕ, ಗ ಎರಡಕ್ಕೂ ಒಂದೇ. ಬಸಪ್ಪನೆಂದು ಬರೆಸಿದ್ದನ್ನು ಇನ್ನೊಬ್ಬ ಗುಮಾಸ್ತ ಓದಿ ಇಂಗ್ಲಿಷಿಗೆ ಇಳಿಸುವಾಗ ಪಸಪ್ಪನಾಗುತ್ತಾನೆ, ಗುರುಸಿದ್ದನು ಕುರುಸಿದ್ದನಾಗುತ್ತಾನೆ. ಮಲೆಯಾಳದಲ್ಲಿ ಅಕ್ಷರಕ್ಕೆ ಕೊರತೆಯಿಲ್ಲ, ಆದರೆ ನಾರಾಯಣನು ನಾರಾಯಣನ್ ಆಗಿ ನಿಲ್ಲುತ್ತಾನೆ. ಮರಾಠಿಯ ಬರವಣಿಗೆಯಲ್ಲಿ ಹ್ರಸ್ವ ಎಕಾರಕ್ಕೆ ಬೇರೆ ಗುರುತಿಲ್ಲ. ಎಲ್ಲಪ್ಪ ಯೇಲ್ಲಪ್ಪಾ ಆಗುತ್ತಾನೆ. ಅಲ್ಲದೆ ಮಹಾರಾಷ್ಟ್ರದಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ಕಡ್ಡಾಯ. 2024ರ ಮೇ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ನಡುವೆ ತಾಯಿಯ ಹೆಸರೂ ಸೇರಬೇಕು. ಈ ಕೊನೆಯದು ನಮಗೆ ಮೆಚ್ಚುಗೆಯಾದ ನಿಯಮ. ತಾಯಂದಿರ ಹೆಸರುಗಳು ಪುಸ್ತಕಕ್ಕೆ ಬರಲು ಇಷ್ಟು ಕಾಲ ಬೇಕಾಯಿತಲ್ಲ ಎಂಬುದಷ್ಟೇ ವ್ಯಥೆ. ಇಷ್ಟೆಲ್ಲ ಆದರೂ ಮನೆಯ ಅಂಗಳದಲ್ಲಿ ಆ ಹುಡುಗ ಬಸ್ಯಾನೇ, ಗುರ್ಯಾನೇ, ನಾರ್ಣನೇ.

ಈಗ ಹೆಸರು ಗೊತ್ತಾಗುವ ಸ್ಥಳವೇ ಬದಲಾಗಿದೆ. ಜನನ ಮರಣ ನೋಂದಣಿಯ 1969ರ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶ ಮೊದಲಾದವುಗಳಿಗೆ ಜನನಪತ್ರವೇ ಆಧಾರವಾಯಿತು. ಮುಖ್ಯೋಪಾಧ್ಯಾಯನ ಲೇಖನಿಗೆ ಇನ್ನು ಆ ಅಧಿಕಾರವಿಲ್ಲ. ಅಪರೂಪದ ಹೆಸರುಗಳನ್ನು ತಂದೆತಾಯಿಗಳೇ ಆರಿಸಿ ತರುತ್ತಾರೆ. ನಮಗೆ ಒಂದೇ ಆಕ್ಷೇಪ. ಅಪರೂಪವೆಂದು ತಂದ ಹೆಸರುಗಳೇ ಒಂದು ತರಗತಿಯಲ್ಲಿ ಇಬ್ಬರಿಗೋ ಮೂವರಿಗೋ ಇರುತ್ತವೆ. ದೆಹಲಿಯ ಮಗುವಿಗೂ ಅಕ್ಕಲಕೋಟೆಯ ಮಗುವಿಗೂ ಅದೇ ಹೆಸರು. ಅಪರೂಪವೇ ಬೇಕಾದರೆ ನಮ್ಮ ಕಲ್ಲುಗಳಲ್ಲಿಯೂ ಓಲೆಗಳಲ್ಲಿಯೂ ಹೇರಳವಾಗಿವೆ. ಹೊಯ್ಸಳ ರಾಣಿಯರಾದ ಪದ್ಮಲದೇವಿ, ರಾಜಲದೇವಿ, ಬಮ್ಮಲದೇವಿಯರ ಹೆಸರು ಈಗ ಯಾವ ಹಾಜರಿಯಲ್ಲಿಯೂ ಇಲ್ಲ; ಮೊಟಕು ಮಾಡಿದರೆ ಪದ್ದು, ರಾಜಿ, ಬಮ್ಮಿ. ನೇಮಿಚಂದ್ರನು ನೇಮಿ, ಮಲ್ಲಿನಾಥನು ಮಲ್ಲು, ರೇವಣಸಿದ್ಧನು ಸಿದ್ದು. ಕೂಗಿ ಕರೆದರೆ ಓಣಿಯ ನಾಲ್ಕು ಮಕ್ಕಳು ಓಡಿಬರುವಂತಹ ಹೆಸರುಗಳು.

ನಮ್ಮ ಶಿಕ್ಷಕ ಬಂಧುಗಳಲ್ಲಿ ಒಂದು ಬಿನ್ನಹ. ಹಳೆಯ ಕನ್ನಡ ಶಾಲೆಗಳ ಕಪಾಟುಗಳಲ್ಲಿ 1956ಕ್ಕಿಂತ ಹಿಂದಿನ ದಾಖಲಾತಿ ಪುಸ್ತಕಗಳು ಇನ್ನೂ ಇದ್ದರೆ, ಗೆದ್ದಲು ಮುಟ್ಟುವುದರೊಳಗೆ ಮಗುವಿನ ಹೆಸರು, ತಂದೆಯ ಹೆಸರು, ಊರು ಇ��್ಟನ್ನು ಬರೆದ ಹಾಗೆಯೇ, ಕಾಗುಣಿತ ತಿದ್ದದೆ ನಕಲು ಮಾಡಿಡಬೇಕು. ಆ ಮಕ್ಕಳಲ್ಲಿ ಯಾರಾದರೂ ಊರಿನಲ್ಲಿದ್ದರೆ ಅವರನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಯಾರು ಹಾಗೆ ಕರೆಯುತ್ತಿದ್ದರು ಎಂಬುದನ್ನು ಕೇಳಿ ಪಕ್ಕದಲ್ಲಿ ಬರೆದುಕೊಳ್ಳಬೇಕು. ಅವರಿಗೆ ಈಗ ಎಪ್ಪತ್ತೈದು ದಾಟಿದೆ.